ಎಫ್‌ಎಂ ಟ್ರಾನ್ಸ್‌ಮಿಟರ್ ಪವರ್ 50ರಿಂದ 20ಕ್ಕೆ ಇಳಿದು ಮತ್ತೆ ಹತ್ತುತ್ತೆ, ಒಳಗಿನ ಟ್ರಿಮ್ಮರ್ ತಿರುಗಿಸಬಹುದಾ?

ಮಳೆಗಾಲದ_ರೇಡಿಯೋ

ಎಲ್ರಿಗೂ ನಮಸ್ಕಾರ. ಮಲೆನಾಡು ಕಡೆ ಒಂದು ಸಣ್ಣ ಸಮುದಾಯ ರೇಡಿಯೋದಲ್ಲಿ ನಾನು ವಾಲಂಟಿಯರ್. ಓದಿದ್ದು ಬಿಕಾಂ, ಆದ್ರೆ ಇದ್ದ ಒಬ್ಬ ಟೆಕ್ನಿಷಿಯನ್ ಬೇರೆ ಕೆಲಸ ಸಿಕ್ಕಿ ಹೋದ್ಮೇಲೆ ಟ್ರಾನ್ಸ್‌ಮಿಟರ್ ರೂಮಿನ ಬೀಗದ ಕೈ ನನ್ ಕೊರಳಿಗೆ ಬಿತ್ತು, ಅದಕ್ಕೇ ಏನಾದ್ರೂ ತಪ್ಪು ಹೇಳಿದ್ರೆ ಬೈಬೇಡಿ.

ನಮ್ದು 50 ವ್ಯಾಟ್ ಎಫ್‌ಎಂ ಟ್ರಾನ್ಸ್‌ಮಿಟರ್, 30 ಮೀಟರ್ ಟವರ್ (ಅದಕ್ಕಿಂತ ಎತ್ತರ ಹೋಗೋ ಹಾಗಿಲ್ಲ, ಇಆರ್‌ಪಿ, ಅಂದ್ರೆ ಆಂಟೆನಾ ಲೆಕ್ಕ ಸೇರಿಸಿ ಹೊರಗೆ ಹೋಗೋ ಪವರ್, ಅದೂ 100 ವ್ಯಾಟ್ ದಾಟೋ ಹಾಗಿಲ್ಲ), ಮೇಲೆ ಆಂಟೆನಾ, ಮಧ್ಯೆ ಸುಮಾರು 40 ಮೀಟರ್ ಆರ್‌ಜಿ213 ಕೇಬಲ್. ಬೇಸಿಗೆ ಪೂರ್ತಿ ಏನೂ ತೊಂದ್ರೆ ಇರ್ಲಿಲ್ಲ, ಡಿಸ್‌ಪ್ಲೇಲಿ ಫಾರ್ವರ್ಡ್ (ಆಂಟೆನಾ ಕಡೆ ಹೋಗೋ ಪವರ್) 50, ರಿಫ್ಲೆಕ್ಟೆಡ್ (ವಾಪಸ್ ಬರೋದು) 0.6 ಅಂತ ಕಲ್ಲಿನ ಹಾಗೆ ಕೂತಿರ್ತಿತ್ತು. ಜೂನಲ್ಲಿ ಮಳೆ ಹಿಡೀತು ನೋಡಿ, ಅವತ್ತಿಂದ ಶುರು. ಬೆಳಿಗ್ಗೆ ಆರಕ್ಕೆ ಆನ್ ಮಾಡಿದ್ರೆ ಒಂದು ಮೂರ್ನಾಲ್ಕು ನಿಮಿಷ ಸರಿ ಇರುತ್ತೆ, ಆಮೇಲೆ ಫಾರ್ವರ್ಡ್ 50ರಿಂದ 20ಕ್ಕೆ ಬೀಳುತ್ತೆ, ರಿಫ್ಲೆಕ್ಟೆಡ್ 2.0 ತೋರಿಸುತ್ತೆ, ನಿಧಾನಕ್ಕೆ ಮತ್ತೆ 50ಕ್ಕೆ ಹತ್ತುತ್ತೆ, ಮತ್ತೆ ಬೀಳುತ್ತೆ. ಮೊಬೈಲಲ್ಲಿ ಟೈಮ್ ನೋಡಿದೆ, ಒಂದು ಸುತ್ತು ಹೆಚ್ಚೂಕಮ್ಮಿ 40 ಸೆಕೆಂಡ್. ಜೋರು ಮಳೆ ಬಂದ ದಿನ ಪೂರ್ತಿ ಆಫ್ ಆಗಿ, ತಾನೇ ಮೂರು ಸಲ ಟ್ರೈ ಮಾಡಿ, ಆಮೇಲೆ ಕೆಂಪು ಲೈಟ್ ಹಾಕ್ಕೊಂಡು ಲಾಕೌಟ್ ಅಂತ ಕೂತ್ಬಿಡುತ್ತೆ. ಆ ರೀಸೆಟ್ ಬಟನ್ ಒತ್ತೋದಕ್ಕೆ ನಾನು ಸ್ಟುಡಿಯೋದಿಂದ ಗುಡ್ಡ ಹತ್ತಿ ಹೋಗ್ಬೇಕು, ವಾಪಸ್ ಬರೋಷ್ಟ್ರಲ್ಲಿ ಕಾಲಿಗೆ ನಾಲ್ಕೈದು ಇಂಬಳ ಗ್ಯಾರಂಟಿ. ಮಧ್ಯಾಹ್ನ ಬಿಸಿಲು ಬಂದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತೆ.

ಇವತ್ತು ನಮ್ಮೂರ ಎಲೆಕ್ಟ್ರಿಷಿಯನ್ ಅಣ್ಣ ಮುಚ್ಚಳ ಬಿಚ್ಚಿ ನೋಡ್ದ. ಒಳಗೆ ಬೋರ್ಡ್ ಮೇಲೆ ಎರಡು ಸಣ್ಣ ಟ್ರಿಮ್ಮರ್ (ತಿರುಗಿಸಿ ಹೊಂದಿಸೋ ಸ್ಕ್ರೂ) ಇವೆ, ಒಂದಕ್ಕೆ ಫಾರ್ವರ್ಡ್, ಇನ್ನೊಂದಕ್ಕೆ ರಿಫ್ಲೆಕ್ಟೆಡ್ ಅಂತ ಪ್ರಿಂಟ್ ಇದೆ. "ಇದನ್ನ ಸ್ವಲ್ಪ ಈ ಕಡೆ ತಿರುಗಿಸಿದ್ರೆ ಕಿರಿಕಿರಿ ನಿಲ್ಲುತ್ತೆ, ಮಾಡ್ಲಾ?" ಅಂತಿದಾನೆ. ನಾನು ಒಂದಿನ ತಡಿ ಅಂದಿದೀನಿ. ತಿರುಗಿಸ್ಬಹುದಾ? ಅಸಲಿಗೆ ಈ ಡಬ್ಬಿ ಯಾವ ಲೆಕ್ಕದಲ್ಲಿ ಪವರ್ ಇಳಿಸ್ತಿದೆ, ಯಾವ ಲೆಕ್ಕದಲ್ಲಿ ಏರಿಸ್ತಿದೆ?

ನಿವೃತ್ತ_ಧಾರವಾಡ

ತಮ್ಮಾ, ಟ್ರಿಮ್ಮರ್ ಮುಟ್ಟಬ್ಯಾಡ. ಆ ಅಣ್ಣಗ ಚಾ ಕುಡಿಸಿ ಮನಿಗೆ ಕಳಸು.

ನೀ ಬರದದ್ದರಾಗ ಉತ್ತರ ಅರ್ಧ ಐತಿ. ರಿಫ್ಲೆಕ್ಟೆಡ್ 2.0ಕ್ಕ ಬಂದು ನಿಂತೈತಿ, ಫಾರ್ವರ್ಡ್ ಕುಣ್ಯಾಕತ್ತೈತಿ. ಇದರ ಅರ್ಥ ಏನಂದ್ರ ಒಳಗಿನ ಕಂಟ್ರೋಲ್ ತನ್ನ ಕೆಲಸ ತಾ ಸರಿಯಾಗಿ ಮಾಡಾಕತ್ತೈತಿ. ಅದಕ್ಕ ಹೇಳಿಟ್ಟಾರ, "ವಾಪಸ್ ಬರೂ ಪವರ್ 2 ವ್ಯಾಟ್ ದಾಟಬಾರದು, ದಾಟೂ ಹಂಗಿದ್ರ ಹೋಗೂದನ್ನ ಕಡಿಮಿ ಮಾಡು" ಅಂತ. ಇದಕ್ಕ ಫೋಲ್ಡ್‌ಬ್ಯಾಕ್ ಅಂತಾರ. 50ಕ್ಕ 0.6 ಅಂದ್ರ ವಿಎಸ್‌ಡಬ್ಲ್ಯುಆರ್ (ಮುಂದಿನ ಕೇಬಲ್ಲು ಆಂಟೆನಾ ಎಷ್ಟು ಹೊಂದ್ಯಾವು ಅನ್ನೂ ಅಳತಿ, 1 ಅಂದ್ರ ಪೂರಾ ಸರಿ) 1.25 ಆತು, ಚಲೋ ಐತಿ. 20ಕ್ಕ 2 ಅಂದ್ರ ನೂರಕ್ಕ ಹತ್ತು ಪಾಲು ವಾಪಸ್ಸು, ವಿಎಸ್‌ಡಬ್ಲ್ಯುಆರ್ ಹತ್ರ ಹತ್ರ 1.9. ಹಂಗಾಗಿ ಕೆಟ್ಟದ್ದು ಟ್ರಾನ್ಸ್‌ಮಿಟರ್ ಅಲ್ಲ, ಅದರ ಮುಂದಿಂದು. ಕನೆಕ್ಟರ್, ಕೇಬಲ್, ಆಂಟೆನಾ, ಈ ಮೂರರಾಗ ಒಂದು. ಫಾರ್ವರ್ಡ್ ಬಿದ್ದು ರಿಫ್ಲೆಕ್ಟೆಡ್ಡೂ ಸಣ್ಣದ ಇದ್ದಿದ್ರ ನಾ ಬ್ಯಾರೆ ಹೇಳ್ತಿದ್ದೆ, ಅವಾಗ ಹೀಟ್‌ಸಿಂಕ್ ಕಾಯ್ದೈತೇನೋ, ಕರೆಂಟ್ ವೋಲ್ಟೇಜ್ ಇಳದೈತೇನೋ ಅಂತ ನೋಡಬೇಕಾಗ್ತಿತ್ತು.

ನಾ ಮೂವತ್ತು ವರ್ಷ ಮೀಡಿಯಂ ವೇವ್ ದೊಡ್ಡ ಟ್ರಾನ್ಸ್‌ಮಿಟರ್ ಮ್ಯಾಲೆ ದುಡಿದಾಂವ. ನಿಮ್ಮ 50 ವ್ಯಾಟ್ ಎಲ್ಲಿ, ನಮ್ಮ ಕಿಲೋವ್ಯಾಟ್ ನೂರಾರು ಎಲ್ಲಿ, ಆದ್ರ ಬುದ್ಧಿ ಎರಡಕ್ಕೂ ಒಂದ. ವಾಲ್ವಿನ ಕಾಲದಾಗ ಮೊದಲು ಬ್ಲೋವರ್ ಗಾಳಿ ಬರಬೇಕು, ಗಾಳಿ ಬಂತಂತ ಏರ್ ಫ್ಲೋ ಸ್ವಿಚ್ ಹೇಳಬೇಕು, ಆಮ್ಯಾಲೆ ಫಿಲಮೆಂಟ್, ಅದು ಕಾಯೂ ತನಕ ಟೈಮರ್, ಆಮ್ಯಾಲೆ ಬಯಾಸ್, ಕಡೀಕ ಹೈ ಟೆನ್ಶನ್, ಅಂದ್ರ ಸಾವಿರಾರು ವೋಲ್ಟು. ನಡುವ ಯಾರರ ಬಾಗಲಾ ತಗದ್ರೋ, ಇಂಟರ್‌ಲಾಕ್ ಕಡದು ಎಲ್ಲಾ ಬಂದ್. ಬಂದ್ ಮಾಡೂದೂ ಹಂಗ, ಹೈ ಟೆನ್ಶನ್ ತಗದ ಮ್ಯಾಲೂ ಬ್ಲೋವರ್ ಐದ್ಹತ್ತು ನಿಮಿಷ ಓಡಬೇಕು, ಇಲ್ಲಾಂದ್ರ ವಾಲ್ವ್ ತನ್ನ ಬಿಸಿಗೆ ತಾನ ಸಾಯ್ತೈತಿ. ಓವರ್‌ಲೋಡ್ ಬಂದ್ರ ಟ್ರಿಪ್, ತಾನ ಮತ್ತ ಹಚ್ಚಿ ನೋಡ್ತೈತಿ, ಮೂರನೇ ಸಲಾನೂ ಬಿದ್ರ ಮುಂದ ಹಚ್ಚೂದಿಲ್ಲ, ಮನಷ್ಯಾನ ಬರಬೇಕು. ನಿಂದೂ ಅದ ಲೆಕ್ಕ.

ಯಾಕ ಮೂರು ಸಲ ಅಂತ ಕೇಳಿದ್ರ, ಹೆಚ್ಚಿನ ಫಾಲ್ಟ್ ಕ್ಷಣದ್ದು. ಮಿಂಚು ಬರ್ತೈತಿ, ಮಾಸ್ಟ್ (ಆಂಟೆನಾ ಕಂಬ) ಬುಡದಾಗ ಸ್ಪಾರ್ಕ್ ಗ್ಯಾಪಿನ್ಯಾಗ ಕಿಡಿ ಹಾರ್ತೈತಿ. ಮಿಂಚು ಹೋಗ್ತೈತಿ, ಕಿಡಿ ಹೋಗೂದಿಲ್ಲ, ಯಾಕಂದ್ರ ನಮ್ಮ ಟ್ರಾನ್ಸ್‌ಮಿಟರ್ ಪವರ್ ಅದಕ್ಕ ಅನ್ನ ಹಾಕಾಕತ್ತಿರ್ತೈತಿ. ಕಣ್ಣ ಮುಂದ ನೀಲಿ ಬಣ್ಣದ್ದು ಗುಂಯ್ ಅಂತ ಉರಿತಿರ್ತೈತಿ, ಬರೂ ಕಾರ್ಯಕ್ರಮ ಆ ಕಿಡಿಯೊಳಗಿಂದನ ಸಣ್ಣಗ ಕೇಳಸ್ತೈತಿ. ಒಂದು ಚಣ, ಅಂದ್ರ ಸೆಕೆಂಡಿನ ನೂರರಾಗ ಕೆಲವು ಪಾಲು, ಪವರ್ ತಗದ್ರ ಸಾಕು, ಆರ್ತೈತಿ. ಕೇಳೂ ಮಂದಿಗೆ ಒಂದು "ಟಕ್" ಅಷ್ಟ. ಇಂಥಾ ಸಣ್ಣ ಮಾತಿಗೆ ಪೂರಾ ಲಾಕೌಟ್ ಮಾಡಿದ್ರ ಮಳಿಗಾಲ ಪೂರ್ತಿ ಸ್ಟೇಷನ್ ಬಂದ್ ಇರಬೇಕಾಗ್ತಿತ್ತು.

1935ರಾಗ ಮೈಸೂರಾಗ ಕಾಲೇಜಿನ ಗೋಪಾಲಸ್ವಾಮಿ ಮಾಸ್ತರು ತಮ್ಮ ಮನ್ಯಾಗ ರೇಡಿಯೋ ಸ್ಟೇಷನ್ ಇಟ್ಟಾಗ ಕಂಟ್ರೋಲ್ ಲಾಜಿಕ್ ಅಂದ್ರ ಆಪರೇಟರನ ಕಣ್ಣು ಮತ್ತ ಮೂಗು ಇದ್ದಿರಬೇಕು, ಬ್ಯಾರೆ ಏನಿತ್ತು. ಈಗ ಮೂಗಿನ ಕೆಲಸ ಡಯೋಡ್ ಮಾಡ್ತೈತಿ. ಆ ಮೂಗು ಕೊಯ್ಯಬ್ಯಾಡ.

ಮಳೆಗಾಲದ_ರೇಡಿಯೋ

ಸಾರ್, ತುಂಬಾ ಥ್ಯಾಂಕ್ಸ್. ಒಂದೇ ತಿದ್ದುಪಡಿ, ನಾನು ತಮ್ಮ ಅಲ್ಲ, ತಂಗಿ :) ಎಲೆಕ್ಟ್ರಿಷಿಯನ್ ಅಣ್ಣನಿಗೆ ಚಹಾ ಕೊಟ್ಟಾಯ್ತು, ಮುಚ್ಚಳ ಹಾಕಿಸಾಯ್ತು.

ಸುಮ್ನೆ_ಓದೋನು

ಅಲ್ಲ ಗುರು, ಪವರ್ ಕೊಡೋ ಈಗಿನ ಎಲ್‌ಡಿಮಾಸ್ ಟ್ರಾನ್ಸಿಸ್ಟರ್‌ಗಳು 65:1 ವಿಎಸ್‌ಡಬ್ಲ್ಯುಆರ್ ತಡ್ಕೊಳ್ತವೆ ಅಂತ ಡೇಟಾಶೀಟಲ್ಲೇ ಹಾಕಿರ್ತಾರೆ, 1.9ಕ್ಕೆಲ್ಲ ಯಾಕೆ ಹೆದರ್ಬೇಕು? ರಿಫ್ಲೆಕ್ಟೆಡ್ ವೈರ್ ಕಿತ್ತು ಹಾಕಿ ಓಡ್ಸಿ, ಮಳೆಗಾಲ ಮುಗಿದ್ಮೇಲೆ ನೋಡ್ಕೊಂಡ್ರಾಯ್ತು.

ಬಗ್_ಭಟ್ಟ

@ಸುಮ್ನೆ_ಓದೋನು ಆ 65:1 ಪಕ್ಕದಲ್ಲೇ ಆ ಟೆಸ್ಟ್ ಯಾವ ಕಂಡೀಷನಲ್ಲಿ ಮಾಡಿದ್ದು ಅಂತಾನೂ ಬರ್ದಿರ್ತಾರೆ, ಅದನ್ನೂ ಓದಿ. ಲ್ಯಾಬಲ್ಲಿ ಪಲ್ಸ್ ಕೊಟ್ಟು, ತಣ್ಣಗಿರೋ ಹೀಟ್‌ಸಿಂಕ್ ಮೇಲೆ ಮಾಡಿದ ಪರೀಕ್ಷೆಗೂ, ಹೆಂಚಿನ ರೂಮಲ್ಲಿ ದಿನಕ್ಕೆ ಹನ್ನೆರಡು ತಾಸು ಓಡೋದಕ್ಕೂ ಅಜಗಜಾಂತರ. 50 ವ್ಯಾಟ್ ಔಟ್‌ಪುಟ್, ಎಫಿಶಿಯೆನ್ಸಿ 70 ಪರ್ಸೆಂಟ್ ಇಟ್ಕೊಂಡ್ರೆ ಸಪ್ಲೈಯಿಂದ 71 ವ್ಯಾಟ್ ಎಳೀತದೆ, 21 ವ್ಯಾಟ್ ಟ್ರಾನ್ಸಿಸ್ಟರ್ ಮೈ ಬಿಸಿ ಮಾಡ್ತದೆ. ಲೋಡ್ ಕೆಟ್ರೆ ಆ 21 ಎಷ್ಟಾಗ್ತದೆ ಅನ್ನೋದು ಕೇಬಲ್ ಉದ್ದದ ಮೇಲೆ ನಿಂತಿರ್ತದೆ, ಒಂದು ಉದ್ದಕ್ಕೆ ಏನೂ ಆಗಲ್ಲ, ಇನ್ನೊಂದು ಉದ್ದಕ್ಕೆ ದುಪ್ಪಟ್ಟು ಬಿಸಿ.

ಈಗ ಕೇಳಿದೋರಿಗೆ. ನಾನು ಇಂಥದ್ದೇ ಸಣ್ಣ ಟ್ರಾನ್ಸ್‌ಮಿಟರ್‌ಗಳಿಗೆ ಕಂಟ್ರೋಲ್ ಬೋರ್ಡಿನ ಫರ್ಮ್‌ವೇರ್ ಬರೀತಿದ್ದೆ ಒಂದು ಮೂರು ವರ್ಷ (ನಿಮ್ಮ ಮಾಡೆಲ್ ಅಲ್ಲ, ಆದ್ರೆ ಎಲ್ಲಾ ಒಂದೇ ಗರಡಿ), ಹಾಗಾಗಿ ಒಳಗೆ ಏನು ನಡೀತದೆ ಅಂತ ಸ್ವಲ್ಪ ಉದ್ದ ಹೇಳ್ತೀನಿ.

ಔಟ್‌ಪುಟ್‌ನಲ್ಲಿ ಡೈರೆಕ್ಷನಲ್ ಕಪ್ಲರ್ ಅಂತ ಇರ್ತದೆ, ಹೋಗೋ ಪವರಿನ ಒಂದು ಚಿಟಿಕೆ, ಬರೋ ಪವರಿನ ಒಂದು ಚಿಟಿಕೆ ಬೇರೆಬೇರೆ ತೆಗೆದು ಡಯೋಡ್ ಮೂಲಕ ವೋಲ್ಟೇಜ್ ಮಾಡಿ ಕೊಡ್ತದೆ. ನೀವು ನೋಡಿದ ಎರಡು ಟ್ರಿಮ್ಮರ್ ಇರೋದು ಆ ವೋಲ್ಟೇಜ್ ಎಷ್ಟಿದ್ರೆ ಎಷ್ಟು ವ್ಯಾಟ್ ಅಂತ ಹೊಂದಿಸೋದಕ್ಕೆ. ಅದು ಲಿಮಿಟ್ ಅಲ್ಲ, ತಕ್ಕಡಿ. ತಕ್ಕಡಿಗೆ ಕಲ್ಲು ಕಟ್ಟಿದ್ರೆ ಅಕ್ಕಿ ಕಮ್ಮಿ ಬರಲ್ಲ, ಲೆಕ್ಕ ಕೆಡ್ತದೆ ಅಷ್ಟೇ. ಅದ್ರಲ್ಲೂ ಫಾರ್ವರ್ಡ್ ಟ್ರಿಮ್ಮರ್ ಕಮ್ಮಿ ಮಾಡಿದ್ರೋ, ಡಬ್ಬಿ "ಅಯ್ಯೋ 50 ಆಗಿಲ್ಲ" ಅಂತ ಇನ್ನಷ್ಟು ಡ್ರೈವ್ (ಟ್ರಾನ್ಸಿಸ್ಟರಿಗೆ ಕೊಡೋ ಸಿಗ್ನಲ್) ಕೊಡ್ತದೆ, ಡಿಸ್‌ಪ್ಲೇ 50 ಅಂದ್ರೂ ಹೊರಗೆ 70 ಹೋಗ್ತಿರ್ತದೆ. ಲೈಸೆನ್ಸಿನ ಇಆರ್‌ಪಿ ದಾಟಿದ್ರೆ ಕೇಳೋರು ಬಂದು ಕೇಳ್ತಾರೆ, ಅದು ಬೇರೆ ತಲೆನೋವು.

ಪವರ್ ನಿರ್ಧಾರ ಮಾಡೋದು ಒಬ್ಬರಲ್ಲ. ಹಳೇ ಕೂಡು ಕುಟುಂಬದಲ್ಲಿ ಮದುವೆ ಖರ್ಚಿಗೆ ನಾಲ್ಕು ಜನ ಹಿರಿಯರು ಕೂತ ಹಾಗೆ. ಫಾರ್ವರ್ಡ್ ಲೂಪ್ "ಸೆಟ್ ಮಾಡಿದ್ದು 50, ಅಷ್ಟೇ" ಅಂತದೆ. ರಿಫ್ಲೆಕ್ಟೆಡ್ ಲೂಪ್ "2 ದಾಟ್ಬಾರ್ದು" ಅಂತದೆ. ಟೆಂಪರೇಚರ್ ಲೂಪ್ ಹೀಟ್‌ಸಿಂಕಿನ ಥರ್ಮಿಸ್ಟರ್ ನೋಡ್ಕೊಂಡು ಕೂತಿರ್ತದೆ, ನಾನು ಬರ್ದಿದ್ರಲ್ಲಿ 65 ಡಿಗ್ರಿಗೆ ಇಳಿಸೋಕೆ ಶುರು, 80ಕ್ಕೆ ಟ್ರಿಪ್. ನಾಲ್ಕನೇದು ಡ್ರೈನ್ ಕರೆಂಟ್, ಅಂದ್ರೆ ಟ್ರಾನ್ಸಿಸ್ಟರ್ ಎಳೆಯೋ ಕರೆಂಟ್. ನಾಲ್ಕರಲ್ಲಿ ಯಾರು ಎಲ್ಲಕ್ಕಿಂತ ಕಮ್ಮಿ ಹೇಳ್ತಾರೋ ಅವರ ಮಾತೇ ನಡಿಯೋದು. ಬೇಸಿಗೇಲಿ ನಿಮ್ಮಲ್ಲಿ ಫಾರ್ವರ್ಡ್ ಅಜ್ಜ ಯಜಮಾನ, ಈಗ ರಿಫ್ಲೆಕ್ಟೆಡ್ ಅಜ್ಜಿ ಎದ್ದು ಕೂತಿದಾಳೆ.

ಇನ್ನು ಆ 40 ಸೆಕೆಂಡ್. ಇಳಿಸೋದು ಫಾಸ್ಟ್, ಏರಿಸೋದು ನಿಧಾನ, ಇದು ಬೇಕಂತಲೇ ಮಾಡೋದು. ನಂದ್ರಲ್ಲಿ ಸೆಕೆಂಡಿಗೆ 1 ವ್ಯಾಟ್ ಇಟ್ಟಿದ್ದೆ. ನಿಮ್ದೂ ಹಾಗೇ ಇದ್ರೆ 20ರಿಂದ 50ಕ್ಕೆ ಬರೋಕೆ 30 ಸೆಕೆಂಡ್, ಮೇಲೆ ಸ್ವಲ್ಪ ಹೊತ್ತು ಕೂರೋದು, ಒಟ್ಟು 40, ಲೆಕ್ಕ ಸರಿ ಹೋಗ್ತದೆ. ಆದ್ರೆ ಕುತೂಹಲ ಇರೋದು ಅಲ್ಲಿ ಅಲ್ಲ. ಆಂಟೆನಾ ಒದ್ದೆಯಾಗಿ ಕೆಟ್ಟಿದ್ರೆ 20 ವ್ಯಾಟಲ್ಲೂ ಕೆಟ್ಟಿರ್ಬೇಕಿತ್ತು, 20ರ ಹತ್ರ ಬಂದು ಅಲ್ಲೇ ನಿಲ್ಬೇಕಿತ್ತು. ನಿಮ್ದು ವಾಪಸ್ 50ಕ್ಕೆ ಹತ್ತುತ್ತೆ ಅಂದ್ರೆ ಪವರ್ ಇಳಿದಾಗ ಏನೋ ಒಂದು ರಿಪೇರಿ ಆಗ್ತಿದೆ, ಪವರ್ ಏರಿದಾಗ ಮತ್ತೆ ಕೆಡ್ತಿದೆ. ಇನ್ನೊಂದು ಸಾಧ್ಯತೆ, ಇಂಟಿಗ್ರೇಟರ್ ವೈಂಡ್-ಅಪ್ ಅಂತ, ಫೋಲ್ಡ್‌ಬ್ಯಾಕಲ್ಲಿ ಇರೋವಾಗ ಫಾರ್ವರ್ಡ್ ಲೂಪ್ "ಇನ್ನೂ ಬೇಕು ಇನ್ನೂ ಬೇಕು" ಅಂತ ಒಳಗೊಳಗೇ ಸಾಲ ಗುಡ್ಡೆ ಹಾಕ್ಕೊಂಡು, ಅಡ್ಡಿ ಹೋದ ತಕ್ಷಣ 60ಕ್ಕೆ ಹಾರಿ ಮತ್ತೆ ಬೀಳೋದು. ನನ್ನ ಮೊದಲನೇ ವರ್ಷನ್ ಕೋಡ್ ಹಿಂಗೇ ಕುಣೀತಿತ್ತು, ಎರಡು ವಾರ ನಿದ್ದೆ ಇಲ್ಲ. ಆದ್ರೆ ನೀವು ಹೇಳಿದ್ದು "ನಿಧಾನಕ್ಕೆ 50ಕ್ಕೆ ಹತ್ತುತ್ತೆ" ಅಂತ, 50 ದಾಟಿ ಹಾರೋದನ್ನ ನೋಡಿಲ್ವಲ್ಲ, ಹಾಗಾಗಿ ನನ್ನ ಅನುಮಾನ ಬಿಸಿಯಾಗೋ ಒಂದು ಜಾಯಿಂಟ್ ಮೇಲೆ.

ತಾಮ್ರದ_ತಂತಿ

ಹ್ಯಾಮ್ (ಹವ್ಯಾಸಿ ರೇಡಿಯೋ) ಕಡೆಯಿಂದ ನಮಸ್ಕಾರ, ಮೈಸೂರು. ಭಟ್ರು ಹೇಳಿದ್ದು ಸರಿ ಅನ್ಸುತ್ತೆ, ಆದ್ರೆ ಅನುಮಾನ ಸಾಕಾಗಲ್ಲ, ಟೆಸ್ಟ್ ಮಾಡಿ. ಟವರ್ ಹತ್ತೋದು ಕೊನೇಲಿ, ಮಳೇಲಿ ಅಂತೂ ಬೇಡವೇ ಬೇಡ.

ಮೊದ್ಲು, ಟ್ರಾನ್ಸ್‌ಮಿಟರ್ ಆರ್‌ಎಫ್ (ರೇಡಿಯೋ ಪವರ್) ಆಫ್ ಮಾಡಿ, ಕಂಟ್ರೋಲ್ ಮಾತ್ರ ಆನ್ ಇಟ್ಟು ರಿಫ್ಲೆಕ್ಟೆಡ್ ಎಷ್ಟು ತೋರಿಸುತ್ತೆ ನೋಡಿ. ಸೊನ್ನೆ ಇರ್ಬೇಕು. ಇಲ್ಲ ಅಂದ್ರೆ ಒಂದೋ ಮೀಟರ್ ಸುಳ್ಳು ಹೇಳ್ತಿದೆ, ಇಲ್ಲ ಹತ್ರದಲ್ಲಿ ಬೇರೆ ದೊಡ್ಡ ಸ್ಟೇಷನ್ ಇದ್ದು ಅವರ ಸಿಗ್ನಲ್ ನಿಮ್ಮ ಆಂಟೆನಾದಲ್ಲಿ ಇಳಿದು ಬರ್ತಿದೆ. ಒಂದೇ ಗುಡ್ಡದಲ್ಲಿ ಎರಡು ಟವರ್ ಇರೋ ಕಡೆ ಇದು ಮಾಮೂಲು, ಪಾಪ ಡಬ್ಬಿಗೆ ವಾಪಸ್ ಬಂದಿದ್ದು ತಂದಾ ಪಕ್ಕದ್ಮನೇದಾ ಅಂತ ಗೊತ್ತಾಗಲ್ಲ.

ಆಮೇಲೆ ಡಮ್ಮಿ ಲೋಡ್, ಅಂದ್ರೆ ಆಂಟೆನಾ ಬದಲು ಪವರ್ ನುಂಗ್ಕೊಳ್ಳೋ ರೆಸಿಸ್ಟರ್. 50 ಓಮ್, 100 ವ್ಯಾಟಿಂದು ಯಾರ ಹತ್ರ ಆದ್ರೂ ಎರವಲು ಸಿಗುತ್ತೆ, ಹತ್ರದ ಹ್ಯಾಮ್ ಕ್ಲಬ್‌ನಲ್ಲಿ ಕೇಳಿ. ಅದನ್ನ ನೇರ ಟ್ರಾನ್ಸ್‌ಮಿಟರ್ ಹಿಂದೆ ಹಾಕಿ ಒಂದು ಗಂಟೆ 50ರಲ್ಲಿ ಓಡ್ಸಿ. ಅಲ್ಲಾಡ್ದೆ ನಿಂತ್ರೆ ಟ್ರಾನ್ಸ್‌ಮಿಟರ್ ಮೇಲಿನ ಅನುಮಾನ ಪೂರ್ತಿ ಬಿಡಿ.

ಮೂರನೇದು ನಂಗೆ ಇಷ್ಟವಾದ ಟೆಸ್ಟ್. ಕೇಬಲ್ ವಾಪಸ್ ಹಾಕಿ, ಪವರ್ 10ಕ್ಕೆ ಸೆಟ್ ಮಾಡಿ ಅರ್ಧ ಗಂಟೆ ಬಿಡಿ, ರಿಫ್ಲೆಕ್ಟೆಡ್ ಬರ್ಕೊಳ್ಳಿ. ಆಮೇಲೆ 50. ಆಂಟೆನಾಗೆ ನೀರು ಹೋಗಿದ್ರೆ ಹತ್ತರಲ್ಲೂ ಅದೇ ಪಾಲು ವಾಪಸ್ ಬರುತ್ತೆ. ಹತ್ತರಲ್ಲಿ ಚೆನ್ನಾಗಿದ್ದು ಐವತ್ತರಲ್ಲಿ ಮಾತ್ರ ಕೆಟ್ರೆ ಎಲ್ಲೋ ಒಂದು ಕಡೆ ಬಿಸಿ ಆಗ್ತಿದೆ ಅಥವಾ ಕಿಡಿ ಹಾರ್ತಿದೆ.

ಇನ್ನೊಂದು ಮಾತು, ನಿಮ್ಮ ಕೇಬಲ್ ಬಗ್ಗೆ. 40 ಮೀಟರ್ ಆರ್‌ಜಿ213 ಎಫ್‌ಎಂ ಬ್ಯಾಂಡಲ್ಲಿ ಸುಮಾರು ಎರಡೂವರೆ ಡಿಬಿ ತಿಂದ್ಹಾಕುತ್ತೆ. 50 ಕೊಟ್ರೆ ಮೇಲೆ ತಲುಪೋದು ಸುಮಾರು 28. ನಾಳೆ ಆಂಟೆನಾ ಗಾಳಿಗೆ ಕಿತ್ಕೊಂಡು ಬಿದ್ದೇ ಹೋಯ್ತು ಅಂದ್ಕೊಳ್ಳಿ, ಆ 28 ಪೂರ್ತಿ ವಾಪಸ್ ಹೊರಟು ಕೆಳಗೆ ಬರೋದ್ರಲ್ಲಿ 16 ಆಗಿರುತ್ತೆ. ಆಂಟೆನಾನೇ ಇಲ್ಲ, ಮೀಟರ್ ಮಾತ್ರ 3.6 ವಿಎಸ್‌ಡಬ್ಲ್ಯುಆರ್ ಅಂತಿರುತ್ತೆ! ಅಂದ್ರೆ ಮೇಲಿನ ತೊಂದ್ರೆ ಕೆಳಗೆ ಬರೋದ್ರಲ್ಲಿ ಸಣ್ಣದಾಗಿ ಕಾಣುತ್ತೆ, ಕೆಳಗಿನ ತೊಂದ್ರೆ ಇದ್ದಷ್ಟೇ ಕಾಣುತ್ತೆ. ಅದಕ್ಕೇ ನಾನಾಗಿದ್ರೆ ರೂಮಿನ ಒಳಗಿಂದ ಹುಡುಕ್ತಾ ಹೊರಗೆ ಹೋಗ್ತಿದ್ದೆ. ದುಡ್ಡಾದಾಗ ಕೇಬಲ್ ಬದಲಾಯಿಸಿ, ಅರ್ಧ ಇಂಚಿನ ಫೋಮ್ ಕೇಬಲ್ ಹಾಕಿದ್ರೆ ಇಷ್ಟೇ ಉದ್ದಕ್ಕೆ 1 ಡಿಬಿ ಒಳಗೆ ಮುಗಿಯುತ್ತೆ. ಆದ್ರೆ ಹಾಕೋ ಮೊದ್ಲು ಇಆರ್‌ಪಿ ಲೆಕ್ಕ ಇನ್ನೊಂದ್ಸಲ ಮಾಡಿ, ಮೇಲೆ ಜಾಸ್ತಿ ತಲುಪುತ್ತೆ ಅಂದ್ರೆ ಟ್ರಾನ್ಸ್‌ಮಿಟರ್ ಸೆಟ್ಟಿಂಗ್ ಇಳಿಸ್ಬೇಕಾಗ್ಬಹುದು.

ನಿವೃತ್ತ_ಧಾರವಾಡ

ತಂಗೀ, ತಪ್ಪಾತು. ಇನ್ನೊಂದು ಕೇಳ್ತೀನಿ, ಡಿಸ್‌ಪ್ಲೇದಾಗ ಫಾಲ್ಟ್ ಲಾಗ್ ಐತೇನು? ಇದ್ರ ಲಾಕೌಟ್ ಆದ ಹೊತ್ತಿಂದು ತಗದು, ಎಲ್ಲಾಕ್ಕಿಂತ ಮೊದಲಿನ ಸಾಲು ಬರಿ. ಕಡೀದ್ದಲ್ಲ, ಮೊದಲಿಂದು. ಒಮ್ಮೆ ಟ್ರಿಪ್ ಆತಂದ್ರ ಹಿಂದಿಂದ ಎಲ್ಲಾ ಬಾಯಿ ಬಿಡ್ತಾವು, ಪವರ್ ಇಲ್ಲ, ಕರೆಂಟ್ ಇಲ್ಲ, ಆಡಿಯೋ ಇಲ್ಲ ಅಂತ. ಊರಾಗ ಒಂದು ನಾಯಿ ಬೊಗಳಿದ್ರ ಎಲ್ಲಾ ನಾಯಿ ಬೊಗಳ್ತಾವಲ್ಲ, ಕಳ್ಳನ್ನ ನೋಡಿದ್ದು ಮೊದಲನೇ ನಾಯಿ ಒಂದ.

ಬಗ್_ಭಟ್ಟ

ಯಜಮಾನ್ರು ಹೇಳಿದ ನಾಯಿ ವಿಷಯ ನಮ್ಮ ಆಫೀಸಲ್ಲಿ ಗೋಡೆ ಮೇಲೆ ಬರೆದು ಹಾಕೋ ಅಂಥದ್ದು. ನಾನು ಮೊದಲನೇ ಬೋರ್ಡಲ್ಲಿ ಫಾಲ್ಟ್‌ಗಳನ್ನ ಬಂದ ಹಾಗೆ ಬರೀತಿದ್ದೆ, 16 ಸಾಲು ತುಂಬಿದ್ರೆ ಹಳೇದು ಹೋಗಿ ಹೊಸದು ಬರೋದು. ಫೀಲ್ಡಿಂದ ಬಂದ ಲಾಗಲ್ಲೆಲ್ಲ ಅಂಡರ್ ವೋಲ್ಟೇಜ್, ಅಂಡರ್ ವೋಲ್ಟೇಜ್. ನಾವು ಪವರ್ ಸಪ್ಲೈ ಬದಲಾಯಿಸಿದ್ದೇ ಬದಲಾಯಿಸಿದ್ದು. ಅಸಲಿ ಕಳ್ಳ ಮೊದಲನೇ ಸಾಲಲ್ಲಿದ್ದ, ಆ ಸಾಲು ಅಳಿಸಿ ಹೋಗ್ತಿತ್ತು. ಆಮೇಲೆ ಮೊದಲ ಫಾಲ್ಟ್‌ಗೇ ಬೇರೆ ಜಾಗ ಇಟ್ಟು ಬೀಗ ಹಾಕ್ದೆ.

ಕೇಳಿದೋರು ಅರ್ಧ ಕೇಳಿ ಬಿಟ್ಟ ಒಂದು ವಿಷಯ, ಟ್ರಿಪ್ ಬೇರೆ ಫೋಲ್ಡ್‌ಬ್ಯಾಕ್ ಬೇರೆ. ಫೋಲ್ಡ್‌ಬ್ಯಾಕ್ ಮಾಡೋದು ಸಾಫ್ಟ್‌ವೇರ್, ನಂದ್ರಲ್ಲಿ 10 ಮಿಲಿಸೆಕೆಂಡಿಗೊಮ್ಮೆ ಓದಿ ಲೆಕ್ಕ ಹಾಕ್ತಿತ್ತು. ಕೇಬಲ್ ಫಟ್ ಅಂತ ಶಾರ್ಟ್ ಆದ್ರೆ 10 ಮಿಲಿಸೆಕೆಂಡ್ ಅನ್ನೋದು ಟ್ರಾನ್ಸಿಸ್ಟರ್ ಪಾಲಿಗೆ ಒಂದು ಯುಗ. ಅದಕ್ಕೇ ಪಕ್ಕದಲ್ಲಿ ಸಾಫ್ಟ್‌ವೇರಿನ ಹಂಗಿಲ್ಲದ ಒಂದು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸಿ ನೋಡೋದು) ಕೂರಿಸೋದು, ಹತ್ತಿಪ್ಪತ್ತು ರೂಪಾಯಿ ಚಿಪ್ಪು, ಎಲ್‌ಎಂ393 ಥರದ್ದು. ರಿಫ್ಲೆಕ್ಟೆಡ್ ಇಂತಿಷ್ಟು ದಾಟಿತೋ, ಕೆಲವೇ ಮೈಕ್ರೋಸೆಕೆಂಡಲ್ಲಿ ಗೇಟ್ ಬಯಾಸ್ (ಟ್ರಾನ್ಸಿಸ್ಟರನ್ನ ಆನ್ ಇಡೋ ವೋಲ್ಟೇಜ್) ಎಳೆದು ನೆಲಕ್ಕೆ ಹಾಕಿ ಲ್ಯಾಚ್ ಆಗಿ ಹಾಗೇ ಬಂದ್ ಇರ್ತದೆ, ಆಮೇಲೆ ಪ್ರೊಸೆಸರಿಗೆ "ಹಿಂಗಾಯ್ತು" ಅಂತ ವರದಿ. ಪ್ರೊಸೆಸರ್ ಹ್ಯಾಂಗ್ ಆಗಿದ್ರೂ ಈ ಕೆಲಸ ನಿಲ್ಲಲ್ಲ. ಮತ್ತೆ ಆನ್ ಮಾಡೋದು ಪ್ರೊಸೆಸರ್, ಅದೂ ಸೀದಾ 50ಕ್ಕಲ್ಲ, ಒಂದೆರಡು ವ್ಯಾಟ್ ಕೊಟ್ಟು ರಿಫ್ಲೆಕ್ಟೆಡ್ ಪಾಲು ನೋಡಿ, ಸರಿ ಇದ್ರೆ ಮೆಲ್ಲಗೆ ಏರಿಸ್ಬೇಕು. ಮೂರು ಸಲದ ಲೆಕ್ಕ ಯಾವಾಗ ಅಳಿಸ್ಬೇಕು ಅನ್ನೋದ್ರಲ್ಲೂ ಒಂದು ಮಸಲತ್ತಿದೆ, ಆನ್ ಆದ ತಕ್ಷಣ ಅಳಿಸಿದ್ರೆ ದಿನಪೂರ್ತಿ ಟ್ರಿಪ್ ಆನ್ ಟ್ರಿಪ್ ಆನ್, ಅಳಿಸ್ದೇ ಇದ್ರೆ ಜನವರಿದೊಂದು ಮಾರ್ಚಿದೊಂದು ಜೂನಿದೊಂದು ಸೇರಿ ಲಾಕೌಟ್. ಹತ್ತು ನಿಮಿಷ ಸುಸೂತ್ರ ಓಡಿದ್ರೆ ಅಳಿಸು ಅಂತ ನಾನು ಇಟ್ಟಿದ್ದೆ.

ವೈರ್ ಕೀಳೋ ವಿಚಾರ ಬಂತಲ್ಲ ಮೇಲೆ, ನನ್ನದೇ ಕತೆ ಹೇಳ್ತೀನಿ. ಪ್ರೋಟೋಟೈಪಲ್ಲಿ ಫಾರ್ವರ್ಡ್ ಸೆನ್ಸರಿನ ಒಂದು ಸೋಲ್ಡರ್ ಬಿರುಕು ಬಿಟ್ಟಿತ್ತು. ಲೂಪ್ ನೋಡ್ತದೆ, ಪವರ್ ಸೊನ್ನೆ! ಡ್ರೈವ್ ಏರಿಸು. ಇನ್ನೂ ಸೊನ್ನೆ! ಇನ್ನೂ ಏರಿಸು. ಡಿಸ್‌ಪ್ಲೇ 0 ಅಂತಿದೆ, ಡಮ್ಮಿ ಲೋಡ್ ಹೊಗೆ ಬಿಡ್ತಿದೆ, ನಾನು ಡಿಸ್‌ಪ್ಲೇ ನಂಬ್ಕೊಂಡು "ಯಾಕೆ ಬರ್ತಿಲ್ಲ" ಅಂತ ಕೂತಿದೀನಿ. ಫೈನಲ್ ಟ್ರಾನ್ಸಿಸ್ಟರ್ ಹೋಯ್ತು, ಜೊತೆಗೆ ಬಾಸ್ ಮುಂದೆ ಮರ್ಯಾದೇನೂ. ಅವತ್ತಿಂದ ಕೋಡಲ್ಲಿ ಒಂದು ಸಾಲು ಕಾಯಂ, ಡ್ರೈನ್ ಕರೆಂಟ್ ಜಾಸ್ತಿ ಇದ್ದು ಫಾರ್ವರ್ಡ್ ಸೊನ್ನೆ ಅಂದ್ರೆ ಸೆನ್ಸರ್ ಸುಳ್ಳು ಹೇಳ್ತಿದೆ, ತಕ್ಷಣ ಬಂದ್. ಇಂಟರ್‌ಲಾಕ್ ವೈರುಗಳೂ ಅಷ್ಟೇ, ಸರಿ ಇದ್ದಾಗ ಕರೆಂಟ್ ಹರೀತಿರ್ಬೇಕು, ಇಲಿ ಕಡಿದ್ರೂ ಫಾಲ್ಟ್ ಅಂತಲೇ ಆಗ್ಬೇಕು.

ನಿವೃತ್ತ_ಧಾರವಾಡ

ಭಟ್ಟರ, ನಿಮ್ಮ ಕಂಪ್ಯಾರೇಟರ್ ಮಾತಿಗೆ ನಮ್ಮ ಕ್ರೋಬಾರ್ ನೆನಪಾತು. ದೊಡ್ಡ ವಾಲ್ವಿನೊಳಗ ಆರ್ಕ್ ಆತಂದ್ರ ಹೈ ಟೆನ್ಶನ್ ಕೆಪ್ಯಾಸಿಟರಿನ ಶಕ್ತಿ ಎಲ್ಲಾ ವಾಲ್ವಿನೊಳಗ ಇಳೀತೈತಿ. ಬ್ರೇಕರ್ ಬೀಳೂ ತನಕ ಕಾದ್ರ ವಾಲ್ವ್ ಇರೂದಿಲ್ಲ. ಅದಕ್ಕ ಅಡ್ಡ ಒಂದು ಶಾರ್ಟ್ ಮಾಡೂ ಸಾಮಾನು, ಆರ್ಕ್ ಕಂಡ ಚಣ ಅದು ಶಾರ್ಟ್ ಮಾಡಿ ಶಕ್ತಿ ತಾನ ನುಂಗ್ತೈತಿ. ಅದು ಕೆಲಸ ಮಾಡ್ತೈತೋ ಇಲ್ಲೋ ಅಂತ ಹೆಂಗ ನೋಡ್ತಿದ್ವಿ ಗೊತ್ತೇನು? ಕೂದಲಿನಂಥಾ ತಾಮ್ರದ ಎಳಿ ಒಂದನ್ನ ಹೈ ಟೆನ್ಶನ್ನಿಗೆ ಅಡ್ಡ ಕಟ್ಟಿ ದೂರದಿಂದ ಸ್ವಿಚ್ ಹಾಕೂದು. ಕ್ರೋಬಾರ್ ಚಲೋ ಇದ್ರ ಎಳಿ ಹಂಗ ಉಳೀತೈತಿ. ಎಳಿ ಸುಟ್ಟು ಹೋತಂದ್ರ ಅವತ್ತು ಮನಿಗೆ ಹೋಗೂದು ತಡ. ಸಾವಿರಾರು ವೋಲ್ಟಿನ ಶಾರ್ಟ್ ಸರ್ಕೀಟ್ ನಡದು, ಆ ಎಳಿ ಕೈಯಾಗ ಹಿಡದು ನೋಡೂ ಸುಖಾನ ಬ್ಯಾರೆ.

ಮಳೆಗಾಲದ_ರೇಡಿಯೋ

ಎರಡು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ.

ಲಾಗ್ ಇತ್ತು ಸಾರ್, ಮೆನುವಿನ ಕೊನೇಲಿ. ಲಾಕೌಟ್ ಆದ ಬೆಳಿಗ್ಗೆ ಮೊದಲನೇ ಸಾಲು ರಿಫ್ಲೆಕ್ಟೆಡ್ ಟ್ರಿಪ್, ಅದರ ಕೆಳಗೆ ಆರು ಸಾಲು ನಾಯಿಗಳು. ಆರ್‌ಎಫ್ ಆಫ್ ಮಾಡಿದಾಗ ರಿಫ್ಲೆಕ್ಟೆಡ್ 0.0. ಡಮ್ಮಿ ಲೋಡ್ ಶಿವಮೊಗ್ಗದಿಂದ ಪರಿಚಯದೋರೊಬ್ರು ಬಸ್ಸಲ್ಲಿ ಕಂಡಕ್ಟರ್ ಕೈಲಿ ಕಳ್ಸಿದ್ರು, ಅದ್ರ ಮೇಲೆ ಒಂದು ಗಂಟೆ 50, ಅಲ್ಲಾಡ್ಲಿಲ್ಲ. ಕೇಬಲ್ ಹಾಕಿ 10 ವ್ಯಾಟಲ್ಲಿ ಅರ್ಧ ಗಂಟೆ, ರಿಫ್ಲೆಕ್ಟೆಡ್ 0.1 ದಾಟಲೇ ಇಲ್ಲ, ಹೊರಗೆ ಧೋ ಅಂತ ಮಳೆ. ಅದೇ ಮಳೇಲಿ 50ಕ್ಕೆ ಏರಿಸ್ದೆ, ಮೂರು ನಿಮಿಷಕ್ಕೆ ಕುಣಿತ ಶುರು.

ಒಳಗಿಂದ ಹುಡುಕ್ತಾ ಹೋಗಿ ಅಂದ್ರಲ್ಲ. ಆರ್‌ಎಫ್ ಆಫ್ ಮಾಡಿ ಟ್ರಾನ್ಸ್‌ಮಿಟರ್ ಹಿಂದಿನ ಕನೆಕ್ಟರ್ ಮುಟ್ಟಿದೆ, ತಣ್ಣಗಿತ್ತು. ಗೋಡೆಗೆ ಹೊಡೆದಿರೋ ಸಿಡಿಲಿನ ಸರ್ಜ್ ಪ್ರೊಟೆಕ್ಟರ್, ಅದಕ್ಕೆ ಹೊರಗಿಂದ ಬರೋ ಕೇಬಲ್ಲಿನ ಎನ್ ಕನೆಕ್ಟರ್ ಮುಟ್ಟಿದ್ರೆ ಕೈ ಹಿಂದಕ್ಕೆ ಎಳ್ಕೊಂಡೆ, ಕಾಫಿ ಲೋಟದಷ್ಟು ಬಿಸಿ. ಬಿಚ್ಚಿದ್ರೆ ನೀರು! ಒಂದು ಅರ್ಧ ಚಮಚ ಇರ್ಬೋದು. ನಡುವಿನ ಪಿನ್ ಕಪ್ಪಾಗಿದೆ, ಒಳಗೆಲ್ಲ ಹಸಿರು ಕಿಲುಬು, ಅಜ್ಜಿ ಮನೆ ಅಟ್ಟದ ಮೇಲಿನ ತಾಮ್ರದ ಹಂಡೆ ಥರ. ಪಿನ್ ಹಿಡ್ಕೊಂಡು ಅಲ್ಲಾಡ್ಸಿದ್ರೆ ಸೋಲ್ಡರೇ ಹಿಡಿದಿಲ್ಲ, ತಂತಿ ಸುಮ್ನೆ ತಾಗ್ಕೊಂಡಿತ್ತು ಅಷ್ಟೇ. ಹೊರಗೆ ಹೋಗಿ ನೋಡಿದ್ರೆ ಕಾರಣ ಕಣ್ಣೆದುರಿಗೇ ಇದೆ, ಟವರಿಂದ ಬರೋ ಕೇಬಲ್ ಸೀದಾ ಇಳಿಜಾರಲ್ಲಿ ಬಂದು ಗೋಡೆ ತೂತಿಗೆ ನುಗ್ಗಿದೆ. ಮಳೆ ನೀರಿಗೆ ನಾವೇ ದಾರಿ ಮಾಡಿ ಕೊಟ್ಟಿದ್ವಿ, ಕೇಬಲ್ ಗುಂಟ ಇಳಿದು ಕನೆಕ್ಟರ್ ಒಳಗೇ ಬರ್ತಿತ್ತು.

ಭಟ್ ಸಾರ್, ಈಗ ನಂಗೆ ಅರ್ಥ ಆಗಿದ್ದು ಸರಿನಾ ಹೇಳಿ. 50 ಹೋದಾಗ ಆ ಸಡಿಲ ಪಿನ್ ಬಿಸಿಯಾಗಿ ಬಿಟ್ಕೊಳ್ತಿತ್ತು, ರಿಫ್ಲೆಕ್ಟೆಡ್ ಏರಿದ್ದು ನೋಡಿ ಅಜ್ಜಿ 20ಕ್ಕೆ ಇಳಿಸ್ತಿದ್ಳು, ತಣ್ಣಗಾಗಿ ಮತ್ತೆ ತಾಗ್ಕೊಳ್ತಿತ್ತು, ಅಜ್ಜ ಮೆಲ್ಲಗೆ 50ಕ್ಕೆ ತರ್ತಿದ್ದ. ನೀರು ಜಾಸ್ತಿ ತುಂಬಿದ ದಿನ ಕಿಡಿ ಹಾರಿ ಆ ಹತ್ತು ರೂಪಾಯಿ ಚಿಪ್ಪು ಪೂರ್ತಿ ಬಂದ್ ಮಾಡ್ತಿತ್ತು. ಹೌದಾ?

ಬಗ್_ಭಟ್ಟ

ಹೌದು. ಬಿಕಾಂ ಬಿಟ್ಟು ಇಲ್ಲಿಗೆ ಬನ್ನಿ ಮೇಡಂ. ಸರ್ಜ್ ಪ್ರೊಟೆಕ್ಟರ್ ಒಳಗೂ ನೀರು ಹೋಗಿರ್ತದೆ, ಅದನ್ನ ಒಣಗಿಸಿ ಉಪಯೋಗ ಮಾಡ್ಬೇಡಿ, ಬದಲಾಯಿಸಿ.

ತಾಮ್ರದ_ತಂತಿ

ಕೇಬಲ್ ತುದಿ ಒಂದು ಅಡಿ ಕತ್ತರಿಸಿ ಒಳಗಿನ ತಾಮ್ರ ನೋಡಿ, ಜಡೆ ಕಪ್ಪಾಗಿದ್ರೆ ಇನ್ನೊಂದು ಅಡಿ, ಹೊಳೆಯೋ ತಾಮ್ರ ಸಿಗೋ ತನಕ. ಹೊಸ ಕನೆಕ್ಟರ್ ಹಾಕಿ, ಮೇಲೆ ತನ್ನಷ್ಟಕ್ಕೇ ಅಂಟಿಕೊಳ್ಳೋ ರಬ್ಬರ್ ಟೇಪ್ ಎಳೆದೆಳೆದು ಸುತ್ತಿ, ಅದ್ರ ಮೇಲೆ ಮಾಮೂಲಿ ಕಪ್ಪು ಟೇಪ್. ಕೆಳಗಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸ್ತಾರಲ್ಲ ಹಾಗೆ.

ನಿವೃತ್ತ_ಧಾರವಾಡ

ಟೇಪ್ ಆಮ್ಯಾಲೆ. ತಂಗೀ, ಗ್ವಾಡಿ ತೂತಿಗಿಂತ ಕೆಳಗ ಕೇಬಲ್ ಒಂದು ಮೊಳ ಜೋತು ಬಿಟ್ಟು ಮ್ಯಾಲೆ ಒಯ್ದು ಒಳಗ ಹಾಕ್ಸಿದೇನು? ನೀರು ಆ ಜೋತಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕ ಬೀಳಬೇಕು.

ಮಳೆಗಾಲದ_ರೇಡಿಯೋ

ಬಿಟ್ಟಿದೀವಿ ಸಾರ್, ಎಲೆಕ್ಟ್ರಿಷಿಯನ್ ಅಣ್ಣನೇ ಮಾಡಿದ್ದು, ಒಂದು ಮೊಳ ಅಂದ್ರೆ ಎರಡು ಮೊಳ ಬಿಟ್ಟಿದಾನೆ. ಕನೆಕ್ಟರ್ ಹಳೇದನ್ನೇ ಕಿಲುಬು ಉಜ್ಜಿ ಸೋಲ್ಡರ್ ಮಾಡಿ ಹಾಕಿದೀವಿ, ಹೊಸದು ಬರೋಕೆ ಇನ್ನೂ ನಾಲ್ಕು ದಿನ. ಅಲ್ಲಿವರೆಗೂ ಪವರ್ 25ಕ್ಕೆ ಇಳಿಸಿ ಓಡಿಸ್ತಿದೀನಿ, ರಿಫ್ಲೆಕ್ಟೆಡ್ 0.3. ಆಚೆ ಊರಿನ ಒಬ್ರು ಅಜ್ಜ ಫೋನ್ ಮಾಡಿ "ಕೃಷಿ ಕಾರ್ಯಕ್ರಮ ಸ್ವಲ್ಪ ಸುಯ್ ಅಂತಿದೆ ಮಾರಾಯ್ತಿ" ಅಂದ್ರು, ನಾಲ್ಕು ದಿನ ತಡ್ಕೊಳ್ಳಿ ಅಂದಿದೀನಿ. ಜೋತು ಬಿಟ್ಟಿದ್ದರ ಫೋಟೋ ಹಾಕ್ತೀನಿ ಆಮೇಲೆ, ಈಗ ಕರೆಂಟ್ ಇಲ್ಲ, ಮೊಬೈಲಲ್ಲಿ ನಾಲ್ಕು ಪರ್ಸೆಂಟ್ ಉಳ್ದಿದೆ.